ಸಾಲ ತೀರಿಸುವ ಬೆಳ್ಳಿ ಬಂಗಾರ: ಅಮೆರಿಕದ ರಾಜ್ಯಗಳ ಹಣದ ಕಾನೂನುಗಳು

ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯ ಹತ್ತನೆಯ ಪರಿಚ್ಛೇದವೆಂದರೆ ರಾಜ್ಯಗಳು ಮಾಡಬಾರದ ಕೆಲಸಗಳ ಪಟ್ಟಿ. ರಾಜ್ಯಗಳು ಪರದೇಶಗಳೊಡನೆ ಕೌಲು ಮಾಡಿಕೊಳ್ಳುವಂತಿಲ್ಲ, ನಾಣ್ಯ ಟಂಕಿಸುವಂತಿಲ್ಲ, ಕಾಗದದ ಹಣ ಹೊರಡಿಸುವಂತಿಲ್ಲ. ಚಿನ್ನ ಬೆಳ್ಳಿಯ ನಾಣ್ಯದ ಹೊರತು ಬೇರೆ ಯಾವುದನ್ನೂ ಸಾಲ ತೀರಿಸುವ ಹಣವೆಂದು ಸಾರುವಂತಿಲ್ಲ. 1787ರಲ್ಲಿ ಬರೆದ ಈ ಕೊನೆಯ ಮಾತನ್ನೇ ಊರುಗೋಲು ಮಾಡಿಕೊಂಡು 2011ರಿಂದೀಚೆಗೆ ಯೂಟಾ, ಒಕ್ಲಹೋಮ, ವಯೋಮಿಂಗ್, ಟೆಕ್ಸಾಸ್ ಮೊದಲಾದ ರಾಜ್ಯಗಳು ಚಿನ್ನ ಬೆಳ್ಳಿಗೆ ಕಾನೂನುಬದ್ಧ ಹಣವೆಂಬ ಪಟ್ಟ ಕಟ್ಟಿವೆ. ರಾಜ್ಯಗಳ ಕೈ ಕಟ್ಟಲು ಬರೆದ ವಾಕ್ಯ ರಾಜ್ಯಗಳ ಹಕ್ಕುಪತ್ರವಾಗಿ ಬದಲಾಗಲು ಎರಡು ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ಕಾನೂನುಬದ್ಧ ಹಣ ಎಂದರೆ ಪೇಟೆಯಲ್ಲಿ ಓಡುವ ಹಣ ಎಂದಷ್ಟೇ ಅರ್ಥವಲ್ಲ. ಇಬ್ಬರು ಒಪ್ಪಿದರೆ ಪೇಟೆಯಲ್ಲಿ ಏನನ್ನಾದರೂ ಕೊಟ್ಟು ಏನನ್ನಾದರೂ ಕೊಳ್ಳಬಹುದು. ಪ್ರಶ್ನೆ ಹುಟ್ಟುವುದು ಸಾಲದ ವಾಯಿದೆ ಮುಗಿದ ದಿನ. ಸಾಲಗಾರ ತಂದು ಮುಂದಿಟ್ಟದ್ದನ್ನು ಸಾಲ ಕೊಟ್ಟವನು ಒಲ್ಲೆನೆಂದರೆ ನ್ಯಾಯಾಲಯ ಯಾರ ಪರ ನಿಲ್ಲಬೇಕು? ತಂದಿಟ್ಟದ್ದು ಕಾನೂನುಬದ್ಧ ಹಣವಾಗಿದ್ದರೆ ಅಂದಿನಿಂದ ಬಡ್ಡಿ ನಿಲ್ಲುತ್ತದೆ, ವ್ಯಾಜ್ಯದ ಖರ್ಚು ಒಲ್ಲೆನೆಂದವನ ತಲೆಗೇ ಬರುತ್ತದೆ. ಕಠಿಣ ಕಾನೂನುಗಳಿದ್ದ ಕಡೆ ಸಾಲವೇ ಅಳಿಸಿಹೋಗುತ್ತಿತ್ತು. ಈ ಮಾತಿನ ಜೀವವಿರುವುದು ಬಲವಂತದಲ್ಲಿ. ಆ ಬಲವಂತವನ್ನು ಯಾರು, ಯಾವ ವಸ್ತುವಿನ ಪರವಾಗಿ ಹೇರಬಹುದು ಎಂಬುದೇ ಅಮೆರಿಕದ ಹಣದ ಇತಿಹಾಸದ ಹಳೆಯ ಜಗಳ.

ಬ್ರಿಟಿಷರ ಅಮೆರಿಕನ್ ವಸಾಹತುಗಳಲ್ಲಿ ನಾಣ್ಯದ ಬರ ಯಾವಾಗಲೂ ಇತ್ತು. ಅಲ್ಲಿ ಆಗ ಚಿನ್ನ ಬೆಳ್ಳಿಯ ಗಣಿಗಳಿರಲಿಲ್ಲ. ವ್ಯಾಪಾರದಿಂದ ಬಂದ ನಾಣ್ಯ ಇಂಗ್ಲೆಂಡಿನ ಸರಕಿನ ಬೆಲೆಯಾಗಿ ಹಡಗು ಹತ್ತಿ ಹೋಗುತ್ತಿತ್ತು. ವರ್ಜೀನಿಯಾದಲ್ಲಿ ತಂಬಾಕೇ ಹಣವಾಯಿತು. ತೆರಿಗೆಯನ್ನೂ ಪಾದ್ರಿಗಳ ಸಂಬಳವನ್ನೂ ತಂಬಾಕಿನ ತೂಕದಲ್ಲಿ ಲೆಕ್ಕ ಹಾಕುತ್ತಿದ್ದರು. ಮ್ಯಾಸಚೂಸೆಟ್ಸ್‌ನಲ್ಲಿ ಮೂಲನಿವಾಸಿಗಳ ವಾಂಪಮ್ ಎಂಬ ಚಿಪ್ಪಿನ ಮಣಿಗಳು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಸಣ್ಣ ಮೊತ್ತಗಳಿಗೆ ಕಾನೂನುಬದ್ಧ ಹಣವಾಗಿದ್ದವು. ಅದೇ ವಸಾಹತು 1652ರಲ್ಲಿ ಬಾಸ್ಟನ್‌ನಲ್ಲಿ ತನ್ನದೇ ಟಂಕಸಾಲೆ ತೆರೆದು, ಪೈನ್ ಮರದ ಚಿತ್ರವಿದ್ದ ಬೆಳ್ಳಿ ಶಿಲ್ಲಿಂಗ್ ಹೊರಡಿಸಿತು. ಉಳಿದಂತೆ ಎಲ್ಲೆಡೆ ಓಡುತ್ತಿದ್ದದ್ದು ಮೆಕ್ಸಿಕೊ ಮತ್ತು ಪೆರುವಿನ ಬೆಳ್ಳಿಯಲ್ಲಿ ಟಂಕಿಸಿದ ಸ್ಪೇನಿನ ಡಾಲರ್. ಅದರ ಬೆಲೆಯೂ ಗಡಿ ದಾಟಿದರೆ ಬದಲಾಗುತ್ತಿತ್ತು: ನ್ಯೂ ಇಂಗ್ಲೆಂಡಿನ ಲೆಕ್ಕದಲ್ಲಿ ಆರು ಶಿಲ್ಲಿಂಗ್, ಪೆನ್ಸಿಲ್ವೇನಿಯಾದಲ್ಲಿ ಏಳೂವರೆ, ನ್ಯೂಯಾರ್ಕಿನಲ್ಲಿ ಎಂಟು. ನಾಣ್ಯವನ್ನು ತಮ್ಮ ಕಡೆಗೆ ಸೆಳೆಯಲು ವಸಾಹತುಗಳು ನಡೆಸಿದ ಪೈಪೋಟಿ ಇದು.

ಕಾಗದದ ಹಣ ಬಂದದ್ದು ಯುದ್ಧದ ಹಿಂದೆ. 1690ರಲ್ಲಿ ಕ್ವಿಬೆಕ್ ಮೇಲೆ ದಂಡೆತ್ತಿ ಹೋಗಿ ಬರಿಗೈಲಿ ಮರಳಿದ ಸೈನಿಕರಿಗೆ ಸಂಬಳ ಕೊಡಲು ಮ್ಯಾಸಚೂಸೆಟ್ಸ್‌ನ ಬೊಕ್ಕಸದಲ್ಲಿ ನಾಣ್ಯವಿರಲಿಲ್ಲ. ಮುಂದೆ ಬರುವ ತೆರಿಗೆಯನ್ನು ಆಧಾರವಾಗಿಟ್ಟು ಅದು ಚೀಟಿಗಳನ್ನು ಹಂಚಿತು. ಕ್ರಮೇಣ ಎಲ್ಲ ವಸಾಹತುಗಳೂ ಈ ದಾರಿ ಹಿಡಿದವು. ಕೆಲವು ಹಿತಮಿತವಾಗಿ ನಡೆದುಕೊಂಡವು. ಜಮೀನಿನ ಅಡಮಾನದ ಮೇಲೆ ಸಾಲವಾಗಿ ನೋಟು ಕೊಡುತ್ತಿದ್ದ ಪೆನ್ಸಿಲ್ವೇನಿಯಾದ ವ್ಯವಸ್ಥೆ 1723ರಿಂದ ದಶಕಗಳ ಕಾಲ ಚೆನ್ನಾಗಿಯೇ ನಡೆಯಿತು, ಬೆಂಜಮಿನ್ ಫ್ರಾಂಕ್ಲಿನ್ ಅದರ ಪರವಾಗಿ ಬರೆದ, ಅದರ ನೋಟುಗಳನ್ನೂ ಅಚ್ಚು ಹಾಕಿದ. ರೋಡ್ ಐಲೆಂಡ್‌ನಂಥವು ಲಂಗುಲಗಾಮಿಲ್ಲದೆ ಅಚ್ಚು ಹಾಕಿದವು. ಬೆಲೆಯಿಳಿದ ಕಾಗದದಲ್ಲಿ ತಮ್ಮ ಬಾಕಿ ತೀರುವುದನ್ನು ಕಂಡ ಲಂಡನ್ನಿನ ವರ್ತಕರು ದೂರಿದರು. ಬ್ರಿಟನ್ನಿನ ಸಂಸತ್ತು 1751ರಲ್ಲಿ ನ್ಯೂ ಇಂಗ್ಲೆಂಡಿಗೆ, 1764ರಲ್ಲಿ ಉಳಿದ ವಸಾಹತುಗಳಿಗೆ ಕಾಗದವನ್ನು ಕಾನೂನುಬದ್ಧ ಹಣ ಮಾಡಕೂಡದೆಂದು ಕಟ್ಟಳೆ ಹಾಕಿತು. ಸಂವಿಧಾನದ ನಿಷೇಧಕ್ಕೆ ಮೊದಲ ಮಾದರಿ ಈ ಬ್ರಿಟಿಷ್ ಕಾನೂನುಗಳೇ. ಸ್ವಾತಂತ್ರ್ಯ ಹೋರಾಟಕ್ಕೆ ಕಾರಣವಾದ ಕುಂದುಕೊರತೆಗಳಲ್ಲಿ ಒಂದನ್ನು ಹೋರಾಟ ಗೆದ್ದವರೇ ಮುಂದೆ ತಮ್ಮ ಮೂಲ ಕಾನೂನಿಗೆ ಸೇರಿಸಿಕೊಂಡರು.

1775ರಲ್ಲಿ ಯುದ್ಧ ಆರಂಭವಾದಾಗ ತೆರಿಗೆ ಹಾಕುವ ಅಧಿಕಾರವಿಲ್ಲದ ಕಾಂಟಿನೆಂಟಲ್ ಕಾಂಗ್ರೆಸ್ ನೋಟು ಮುದ್ರಿಸಿಯೇ ಯುದ್ಧ ನಡೆಸಿತು. ಆ ನೋಟನ್ನು ಒಲ್ಲೆನೆನ್ನುವವನು ದೇಶದ ಶತ್ರುವೆಂದು 1776ರ ಜನವರಿಯಲ್ಲೇ ನಿರ್ಣಯವಾಯಿತು. ಅದನ್ನು ಸಾಲಕ್ಕೆ ಸಲ್ಲುವ ಹಣವೆಂದು ರಾಜ್ಯಗಳು ಕಾನೂನು ಮಾಡಿದವು. ಸುಮಾರು 24 ಕೋಟಿ ಡಾಲರ್ ಮೊತ್ತದ ನೋಟು ಹೊರಬಂದ ಮೇಲೆ, 1780ರ ಮಾರ್ಚಿನಲ್ಲಿ ಕಾಂಗ್ರೆಸ್ಸೇ ನಲವತ್ತು ಡಾಲರ್ ಕಾಗದಕ್ಕೆ ಒಂದು ಡಾಲರ್ ಬೆಳ್ಳಿ ಎಂದು ಒಪ್ಪಿಕೊಂಡಿತು. ಮರುವರ್ಷದ ಹೊತ್ತಿಗೆ ಆ ನೋಟು ಸತ್ತಿತ್ತು. ಸೈನಿಕನಿಗೆ ಸಂಬಳವಾಗಿ ಬಂದ, ವಿಧವೆಗೆ ಹಳೆಯ ಸಾಲದ ವಸೂಲಾಗಿ ಬಂದ ಕಾಗದ ಅವರ ಕೈಯಲ್ಲೇ ಕರಗಿತು. ಈ ನೆನಪು ಹಸಿಯಾಗಿರುವಾಗಲೇ, 1785 ಮತ್ತು 1786ರಲ್ಲಿ, ಹದಿಮೂರರಲ್ಲಿ ಏಳು ರಾಜ್ಯಗಳು ಮತ್ತೆ ಕಾಗದದ ಹಣ ಹೊರಡಿಸಿದವು.

ಈ ಏಳರಲ್ಲಿ ಹೆಸರು ಕೆಡಿಸಿಕೊಂಡದ್ದು ರೋಡ್ ಐಲೆಂಡ್. 1786ರಲ್ಲಿ ಅಲ್ಲಿನ ಶಾಸನಸಭೆ ಜಮೀನಿನ ಅಡಮಾನದ ಮೇಲೆ 1,00,000 ಪೌಂಡ್ ಕಾಗದವನ್ನು ಸಾಲವಾಗಿ ಹಂಚಿ, ಅದನ್ನು ನಾಣ್ಯಕ್ಕೆ ಸಮನಾಗಿ ಎಲ್ಲರೂ ತೆಗೆದುಕೊಳ್ಳಬೇಕೆಂದು ವಿಧಿಸಿತು. ಸಾಹುಕಾರ ಒಲ್ಲೆನೆಂದರೆ ಸಾಲಗಾರ ಆ ಕಾಗದವನ್ನು ನ್ಯಾಯಾಧೀಶರ ಬಳಿ ಇಡಬಹುದಿತ್ತು. ನ್ಯಾಯಾಧೀಶರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಸಾಲ ತೀರಿದಂತೆ. ಸಾಲಗಾರನನ್ನು ಕಂಡು ಸಾಲ ಕೊಟ್ಟವರೇ ತಲೆತಪ್ಪಿಸಿಕೊಂಡು ಓಡುವ ವಿಚಿತ್ರ ಕಾಲ ಬಂತು. ಅಂಗಡಿಗಳು ಬಾಗಿಲೆಳೆದುಕೊಂಡವು. ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಗದ ಒಲ್ಲದವರನ್ನು ಜ್ಯೂರಿಯಿಲ್ಲದೆ, ಮೇಲ್ಮನವಿಯಿಲ್ಲದೆ, ಮೂರೇ ದಿನದಲ್ಲಿ ವಿಚಾರಿಸಿ ದಂಡಿಸುವ ವಿಶೇಷ ನ್ಯಾಯಾಲಯಗಳನ್ನು ಏರ್ಪಡಿಸಿತು.

ನ್ಯೂಪೋರ್ಟಿನ ಜಾನ್ ವೀಡನ್ ಎಂಬ ಕಟುಕ, ಮಾಂಸ ಕೊಳ್ಳಲು ಬಂದ ಜಾನ್ ಟ್ರೆವೆಟ್ ಕೊಟ್ಟ ನೋಟನ್ನು ಮುಖಬೆಲೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. 1786ರ ಸೆಪ್ಟೆಂಬರಿನಲ್ಲಿ ಮೊಕದ್ದಮೆ ವಿಚಾರಣೆಗೆ ಬಂತು. ವೀಡನ್ ಪರ ನಿಂತ ಜೇಮ್ಸ್ ವಾರ್ನಮ್ ವಾದಿಸಿದ್ದು ಮಾಂಸದ ಬೆಲೆಯ ಬಗ್ಗೆಯಲ್ಲ, ನೋಟಿನ ಬೆಲೆಯ ಬಗ್ಗೆಯೂ ಅಲ್ಲ: ಜ್ಯೂರಿ ವಿಚಾರಣೆಯ ಹಕ್ಕನ್ನು ಕಸಿಯುವ ಕಾನೂನು ಕಾನೂನೇ ಅಲ್ಲವೆಂದು. ನ್ಯಾಯಾಧೀಶರು ಈ ದೂರು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈತೊಳೆದುಕೊಂಡರು. ಸಿಟ್ಟಾದ ಸಭೆ ಅವರನ್ನು ಕರೆಸಿ ವಿವರಣೆ ಕೇಳಿತು. ಮುಂದಿನ ಆಯ್ಕೆಯಲ್ಲಿ ಅವರಲ್ಲಿ ಹೆಚ್ಚಿನವರು ಸ್ಥಾನ ಕಳೆದುಕೊಂಡರು. ಶಾಸನಸಭೆಯ ಕಾನೂನನ್ನು ನ್ಯಾಯಾಲಯ ತಡೆಯಬಹುದೆಂಬ ಕಲ್ಪನೆಯ ಆರಂಭದ ಉದಾಹರಣೆಗಳಲ್ಲಿ ಒಂದಾಗಿ ಈ ಮೊಕದ್ದಮೆಯನ್ನು ಕಾನೂನಿನ ಚರಿತ್ರಕಾರರು ಎಣಿಸುತ್ತಾರೆ. ಒಂದು ಮಾಂಸದಂಗಡಿಯ ಜಗಳಕ್ಕೆ ಇದು ಸಣ್ಣ ಕೀರ್ತಿಯಲ್ಲ.

ಪಕ್ಕದ ಮ್ಯಾಸಚೂಸೆಟ್ಸ್ ಇದಕ್ಕೆ ತಿರುಗುಮುರುಗು. ಅಲ್ಲಿನ ಸಭೆ ಕಾಗದವನ್ನು ಒಪ್ಪದೆ, ಯುದ್ಧದ ಸಾಲ ತೀರಿಸಲು ಭಾರಿ ತೆರಿಗೆಯನ್ನು ನಾಣ್ಯದಲ್ಲೇ ಕೇಳಿತು. ಒಳನಾಡಿನ ರೈತರ ಬಳಿ ಹೊಲವಿತ್ತು, ದನವಿತ್ತು, ನಾಣ್ಯವಿರಲಿಲ್ಲ. ಜಮೀನು ಹರಾಜಾದವು, ಸಾಲಗಾರರು ಸೆರೆಮನೆ ಸೇರಿದರು. 1786ರಲ್ಲಿ ಯುದ್ಧದಿಂದ ಮರಳಿದ ಸೈನಿಕ ಡೇನಿಯಲ್ ಶೇಸ್ ಮೊದಲಾದವರ ಹಿಂದೆ ರೈತರು ನ್ಯಾಯಾಲಯಗಳನ್ನು ಮುತ್ತಿ ಕಲಾಪ ನಿಲ್ಲಿಸಿದರು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದ ಮುಂದೆ ಗುಂಡು ಹಾರಿತು. ಕಾಗದದ ದೆಸೆಯಿಂದ ಸಾಹುಕಾರರು ಅತ್ತ ರಾಜ್ಯಕ್ಕೂ ನಾಣ್ಯದ ದೆಸೆಯಿಂದ ರೈತರು ದಂಗೆ ಎದ್ದ ರಾಜ್ಯಕ್ಕೂ ನಡುವೆ ಒಂದು ದಿನದ ದಾರಿಯೂ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲನೆಯದನ್ನು ರೋಗವೆಂದೂ ಎರಡನೆಯದನ್ನು ಅರಾಜಕತೆಯೆಂದೂ ಕಂಡರು. ನಾಣ್ಯದ ಕೊರತೆಯೇ ಎರಡಕ್ಕೂ ಮೂಲವೆಂಬ ಮಾತಿಗೆ ಅಲ್ಲಿ ಹೆಚ್ಚು ಕಿವಿ ಸಿಗಲಿಲ್ಲ.

1787ರ ಆಗಸ್ಟ್ ಮೊದಲ ವಾರದ ಕರಡಿನಲ್ಲಿ ನಿಷೇಧ ಸಡಿಲವಾಗಿತ್ತು: ಕೇಂದ್ರ ಶಾಸನಸಭೆಯ ಒಪ್ಪಿಗೆಯಿಲ್ಲದೆ ರಾಜ್ಯಗಳು ಕಾಗದದ ಹಣ ಹೊರಡಿಸಬಾರದು, ಲೋಹದ ನಾಣ್ಯವಲ್ಲದೆ ಬೇರೆಯದನ್ನು ಸಾಲಕ್ಕೆ ಸಲ್ಲುವ ಹಣ ಮಾಡಬಾರದು ಎಂದು. ಆಗಸ್ಟ್ 28ರಂದು ಜೇಮ್ಸ್ ವಿಲ್ಸನ್ ಮತ್ತು ರೋಜರ್ ಶೆರ್ಮನ್ ‘ಒಪ್ಪಿಗೆಯಿಲ್ಲದೆ’ ಎಂಬ ಕಂಡಿಯನ್ನೂ ಮುಚ್ಚಬೇಕೆಂದರು. ಇಷ್ಟು ಬಿಗಿ ಮಾಡಿದರೆ ಕಾಗದದ ಪಕ್ಷಪಾತಿಗಳೆಲ್ಲ ಸಂವಿಧಾನದ ವೈರಿಗಳಾದಾರೆಂದು ಮ್ಯಾಸಚೂಸೆಟ್ಸ್‌ನ ನಥಾನಿಯಲ್ ಗೋರಮ್ ಎಚ್ಚರಿಸಿದ. ಶೆರ್ಮನ್‌ಗೆ ಅನ್ನಿಸಿದ್ದು ಬೇರೆ: ಕಾಗದದ ಹಣವನ್ನು ತುಳಿದುಹಾಕಲು ಇದಕ್ಕಿಂತ ಒಳ್ಳೆಯ ಗಳಿಗೆ ಬಾರದು. ಶೆರ್ಮನ್ ಮಾತೇ ನಿಂತಿತು. ರೋಡ್ ಐಲೆಂಡ್ ಈ ಸಭೆಗೆ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ.

ಈ ವಾಕ್ಯ ರಾಜ್ಯಗಳಿಗೆ ಯಾವ ಅಧಿಕಾರವನ್ನೂ ಕೊಡುವುದಿಲ್ಲ. ಇದ್ದ ಅಧಿಕಾರವನ್ನು ಮೊಟಕು ಮಾಡುತ್ತದೆ. ಅದು ಹೇಳುವುದೂ ‘ಚಿನ್ನ ಬೆಳ್ಳಿ’ ಎಂದಲ್ಲ, ‘ಚಿನ್ನ ಬೆಳ್ಳಿಯ ನಾಣ್ಯ’ ಎಂದು. ನಾಣ್ಯ ಟಂಕಿಸುವ ಮತ್ತು ಅದರ ಬೆಲೆ ಕಟ್ಟುವ ಅಧಿಕಾರವನ್ನು ಅದೇ ಸಂವಿಧಾನ ಕಾಂಗ್ರೆಸ್ಸಿಗೆ, ಅಂದರೆ ಕೇಂದ್ರದ ಶಾಸನಸಭೆಗೆ, ಕೊಟ್ಟುಬಿಟ್ಟಿದೆ. ರಾಜ್ಯಕ್ಕೆ ಉಳಿದದ್ದು ಬೇರೆಯವರು ಹೊಡೆದ ನಾಣ್ಯವನ್ನು ಮಾನ್ಯ ಮಾಡುವ ಇಕ್ಕಟ್ಟಾದ ಅವಕಾಶ ಮಾತ್ರ.

1792ರ ಏಪ್ರಿಲ್ 2ರ ಟಂಕ ಕಾನೂನು ಆ ಅವಕಾಶವನ್ನೂ ಬಹುಮಟ್ಟಿಗೆ ತುಂಬಿತು. ಒಂದು ಡಾಲರ್ ಎಂದರೆ 371.25 ಗ್ರೇನ್, ಸುಮಾರು 24 ಗ್ರಾಂ, ಶುದ್ಧ ಬೆಳ್ಳಿ; ಹತ್ತು ಡಾಲರಿನ ಈಗಲ್ ಎಂದರೆ 247.5 ಗ್ರೇನ್, ಸುಮಾರು 16 ಗ್ರಾಂ, ಶುದ್ಧ ಚಿನ್ನ. ಇದರ ಲೆಕ್ಕದಲ್ಲಿ ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ. ಯುರೋಪಿನ ಚಿನಿವಾರ ಪೇಟೆಯಲ್ಲಿ ಚಿನ್ನಕ್ಕೆ ಇದಕ್ಕಿಂತ ಹೆಚ್ಚು ಬೆಳ್ಳಿ ಸಿಗತೊಡಗಿದಾಗ ಅಮೆರಿಕದ ಚಿನ್ನದ ನಾಣ್ಯ ಸಮುದ್ರ ದಾಟಿತು, ಬೆಳ್ಳಿ ಉಳಿಯಿತು. 1834ರಲ್ಲಿ ಪ್ರಮಾಣವನ್ನು ಹದಿನಾರಕ್ಕೆ ಏರಿಸಿದಾಗ ಚಿನ್ನ ಮರಳಿತು, ಬೆಳ್ಳಿ ಹೊರಟಿತು. ಎರಡು ಲೋಹಗಳಿಗೆ ಕಾನೂನು ಒಂದೇ ನೊಗ ಹೂಡಬಹುದು, ಒಂದೇ ನಡಿಗೆ ಕಲಿಸಲಾರದು. ಈ ನಡುವೆ ಸ್ಪೇನಿನ ಡಾಲರೂ ಕಾನೂನುಬದ್ಧ ಹಣವಾಗಿಯೇ ಮುಂದುವರಿದು, ಪರದೇಶದ ನಾಣ್ಯಗಳ ಮಾನ್ಯತೆ ರದ್ದಾದ 1857ರವರೆಗೂ ಓಡಿತು.

ರಾಜ್ಯಗಳು ಬೇಲಿಯಲ್ಲಿ ಸಂದು ಹುಡುಕುತ್ತಲೇ ಇದ್ದವು. 1819ರ ಹಣಕಾಸಿನ ಕುಸಿತದ ನಂತರ ಮಿಸೌರಿ 50 ಸೆಂಟಿನಿಂದ 10 ಡಾಲರಿನವರೆಗಿನ ‘ಸಾಲ ಕಚೇರಿ’ ಪತ್ರಗಳನ್ನು ಹೊರಡಿಸಿತು. ತೆರಿಗೆಗೆ, ಸರ್ಕಾರಿ ಸಂಬಳಕ್ಕೆ ಅವು ಸಲ್ಲುತ್ತಿದ್ದವು. ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಾಗದು ಎಂದು 1830ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವನ್ನು ಹೊಡೆದುಹಾಕಿದರು. ಕೆಂಟಕಿಯದು ಹೆಚ್ಚು ಜಾಣ ದಾರಿ. ಅದು ತಾನೇ ಒಂದು ಬ್ಯಾಂಕು ತೆರೆದು, ಬ್ಯಾಂಕಿನ ಹೆಸರಿನಲ್ಲಿ ನೋಟು ಹೊರಡಿಸಿ, ಆ ನೋಟು ಒಲ್ಲದ ಸಾಹುಕಾರ ವಸೂಲಿಗೆ ಎರಡು ವರ್ಷ ಕಾಯಬೇಕೆಂದು ವಿಧಿಸಿತು. ನೋಟನ್ನು ಕಾನೂನುಬದ್ಧ ಹಣವೆಂದು ಎಲ್ಲಿಯೂ ಕರೆಯಲಿಲ್ಲ. ಬಲವಂತ ಮಾತ್ರ ಹಾಗೆಯೇ ಇತ್ತು. ಮಾರ್ಷಲ್ ತೀರಿಕೊಂಡ ಮೇಲೆ, 1837ರಲ್ಲಿ, ಸುಪ್ರೀಂ ಕೋರ್ಟ್ ಆ ಬ್ಯಾಂಕಿನ ನೋಟುಗಳಿಗೆ ಸಮ್ಮತಿಯಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಜೋಸೆಫ್ ಸ್ಟೋರಿ, ಮಾರ್ಷಲ್ ಬದುಕಿದ್ದರೆ ತಮ್ಮ ಕಡೆಯೇ ಇರುತ್ತಿದ್ದರೆಂದು ದಾಖಲಿಸಿದರು.

ಸಂವಿಧಾನ ರಾಜ್ಯಗಳಿಗೆ ಟಂಕಸಾಲೆ ನಿಷೇಧಿಸಿತೇ ಹೊರತು ಖಾಸಗಿಯವರ ಬಗ್ಗೆ ಏನನ್ನೂ ಹೇಳಿರಲಿಲ್ಲ. ಉತ್ತರ ಕ್ಯಾರೊಲೈನದಲ್ಲಿ ಬೆಕ್ಟ್ಲರ್ ಎಂಬ ಜರ್ಮನ್ ಅಕ್ಕಸಾಲಿಗ ಕುಟುಂಬ 1830ರ ದಶಕದಿಂದ ಸ್ಥಳೀಯ ಗಣಿಗಳ ಚಿನ್ನದಲ್ಲಿ ಡಾಲರ್ ನಾಣ್ಯ ಹೊಡೆಯಿತು. 1849ರ ಚಿನ್ನದ ನೂಕುನುಗ್ಗಲಿನ ನಂತರ ಕ್ಯಾಲಿಫೋರ್ನಿಯಾದಲ್ಲೂ, 1860ರಲ್ಲಿ ಡೆನ್ವರಿನಲ್ಲೂ ಇಂಥ ಖಾಸಗಿ ಟಂಕಸಾಲೆಗಳಿದ್ದವು. ಅವುಗಳ ನಾಣ್ಯಕ್ಕೆ ಕಾನೂನಿನ ಬಲವಿರಲಿಲ್ಲ, ಒರೆಗೆ ಹಚ್ಚಿದರೆ ತಿಳಿಯುವ ಮಾನವಿತ್ತು. 1864ರಲ್ಲಿ ಕಾಂಗ್ರೆಸ್ ಈ ಕಸುಬನ್ನೂ ನಿಷೇಧಿಸಿತು.

ಅಂತರ್ಯುದ್ಧ ಎಲ್ಲವನ್ನೂ ಬುಡಮೇಲು ಮಾಡಿತು. 1862ರ ಫೆಬ್ರವರಿ 25ರಂದು ಕಾಂಗ್ರೆಸ್ 15 ಕೋಟಿ ಡಾಲರ್ ಮೊತ್ತದ, ಚಿನ್ನಕ್ಕೆ ಬದಲಾಗದ ನೋಟುಗಳನ್ನು ಖಾಸಗಿ ಸಾಲಕ್ಕೂ ಸಲ್ಲುವ ಹಣವೆಂದು ಸಾರಿತು. ಬೆನ್ನಿನ ಹಸಿರು ಶಾಯಿಯಿಂದ ಅವಕ್ಕೆ ‘ಗ್ರೀನ್‌ಬ್ಯಾಕ್’ ಎಂಬ ಹೆಸರಾಯಿತು. ಪೂರ್ವದ ರಾಜ್ಯಗಳಲ್ಲಿ ನಾಣ್ಯ ಮಾಯವಾಗಿ ನೋಟೇ ಉಳಿಯಿತು.

ಕ್ಯಾಲಿಫೋರ್ನಿಯಾ ಮಾತ್ರ ಮಣಿಯಲಿಲ್ಲ. ತನ್ನ ನೆಲದಲ್ಲೇ ಚಿನ್ನ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1854ರಿಂದ ಟಂಕಸಾಲೆ. ಕಾಗದದ ಹಂಗು ಅದಕ್ಕಿರಲಿಲ್ಲ. 1862ರ ನವೆಂಬರಿನಲ್ಲಿ ಆ ಊರಿನ ವರ್ತಕರು ಗ್ರೀನ್‌ಬ್ಯಾಕನ್ನು ಪೇಟೆಯ ಬೆಲೆಗಲ್ಲದೆ ಮುಖಬೆಲೆಗೆ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲವೆಂದು ಕಟ್ಟು ಮಾಡಿಕೊಂಡರು. ಸಾಲವನ್ನು ಕಾಗದದಲ್ಲಿ ತೀರಿಸಿದವನ ಹೆಸರು ಬರೆದಿಡುತ್ತಿದ್ದರು. ಅಂಥವನಿಗೆ ಮುಂದೆ ಉದ್ದರಿ ಇಲ್ಲ, ಚಿನ್ನ ಎಣಿಸಿದ ಮೇಲೆಯೇ ಸರಕು. ಮರುವರ್ಷ ರಾಜ್ಯವೇ ಬೆಂಬಲಕ್ಕೆ ನಿಂತು ‘ನಿರ್ದಿಷ್ಟ ಕರಾರು ಕಾನೂನು’ ಮಾಡಿತು. ಕರಾರುಪತ್ರದಲ್ಲಿ ಚಿನ್ನದ ನಾಣ್ಯವೆಂದು ಬರೆದಿದ್ದರೆ ತೀರ್ಪೂ ಚಿನ್ನದ ನಾಣ್ಯದಲ್ಲೇ, ವಸೂಲಿಯೂ ಅದರಲ್ಲೇ. ಕಾನೂನಿನ ಜಾಣ್ಮೆ ಇಲ್ಲಿದೆ: ಗ್ರೀನ್‌ಬ್ಯಾಕ್ ಸಲ್ಲದೆಂದು ಅದು ಹೇಳಲಿಲ್ಲ, ಚಿನ್ನ ಕಡ್ಡಾಯವೆಂದೂ ಹೇಳಲಿಲ್ಲ, ಇಬ್ಬರು ಆಡಿದ ಮಾತನ್ನು ನ್ಯಾಯಾಲಯ ನಡೆಸಿಕೊಡಬೇಕೆಂದಷ್ಟೇ ಹೇಳಿತು. 1864ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆ ವರ್ಷದ ಜುಲೈನಲ್ಲಿ ನೂರು ಡಾಲರ್ ಗ್ರೀನ್‌ಬ್ಯಾಕಿಗೆ ನಲವತ್ತು ಡಾಲರ್ ಚಿನ್ನವೂ ಸಿಗದಷ್ಟು ಬೆಲೆ ಇಳಿದಿತ್ತು. ಪೆಟ್ಟು ಬಿದ್ದದ್ದು ಕಾಗದದಲ್ಲಿ ಸಂಬಳ ಪಡೆದು ಚಿನ್ನದ ದರದಲ್ಲಿ ರೊಟ್ಟಿ ಕೊಳ್ಳಬೇಕಾದ, ಕ್ಯಾಲಿಫೋರ್ನಿಯಾದಲ್ಲಿ ಬೀಡುಬಿಟ್ಟಿದ್ದ ಕೇಂದ್ರದ ಸೈನಿಕರಿಗೆ. ಹೀಗಿದ್ದೂ ಲೋಹದ ಹಣವನ್ನು ಒಂದು ರಾಜ್ಯ ತನ್ನ ಕಾನೂನಿನಿಂದ ನಿಜವಾಗಿ ಬಳಕೆಯಲ್ಲಿ ಉಳಿಸಿಕೊಂಡ ಪ್ರಸಂಗ ಅಮೆರಿಕದ ಇತಿಹಾಸದಲ್ಲಿದ್ದರೆ ಅದು ಇದೇ. ಉಳಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಊರಿನ ತುಂಬ ಇದ್ದ ಚಿನ್ನ ಎಂಬುದನ್ನೂ ಹೇಳಬೇಕು.

1869ರಲ್ಲಿ ಇದೇ ಬಗೆಯ ಎರಡು ಪ್ರಕರಣಗಳು ಕೇಂದ್ರದ ಸುಪ್ರೀಂ ಕೋರ್ಟಿಗೆ ಬಂದವು. ಆರೆಗಾನ್ ರಾಜ್ಯ ತೆರಿಗೆಯನ್ನು ಚಿನ್ನ ಬೆಳ್ಳಿಯ ನಾಣ್ಯದಲ್ಲೇ ಕೊಡಬೇಕೆಂದು ಕಾನೂನು ಮಾಡಿತ್ತು. ಲೇನ್ ಕೌಂಟಿ ಗ್ರೀನ್‌ಬ್ಯಾಕ್ ತಂದಿತ್ತಿತು. ತೆರಿಗೆ ಎಂಬುದು ಕರಾರಿನಿಂದ ಹುಟ್ಟಿದ ಸಾಲವಲ್ಲ, ಆದ್ದರಿಂದ ಅದನ್ನು ಯಾವುದರಲ್ಲಿ ಕೇಳಬೇಕೆಂಬುದು ರಾಜ್ಯಕ್ಕೆ ಬಿಟ್ಟದ್ದು ಎಂದು ಕೋರ್ಟ್ ಹೇಳಿತು. ಎರಡನೆಯದು ನ್ಯೂಯಾರ್ಕಿನ 1851ರ ಅಡಮಾನ ಸಾಲ. ನಾಣ್ಯದಲ್ಲಿ ಕೊಡುತ್ತೇನೆಂದು ಬರೆದುಕೊಟ್ಟವನು ನಾಣ್ಯದಲ್ಲೇ ಕೊಡಬೇಕೆಂದಾಯಿತು. ಎರಡೂ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್. ಯುದ್ಧಕಾಲದಲ್ಲಿ ಖಜಾನೆಯ ಕಾರ್ಯದರ್ಶಿಯಾಗಿ ಗ್ರೀನ್‌ಬ್ಯಾಕ್ ಹೊರಡಿಸಿದವರೂ ಅವರೇ. 1870ರಲ್ಲಿ ಅವರು ಮುಂದುವರಿದು, ಹಳೆಯ ಸಾಲಗಳಿಗೆ ಗ್ರೀನ್‌ಬ್ಯಾಕ್ ಹೇರಿದ್ದೇ ಸಂವಿಧಾನಬಾಹಿರವೆಂದರು. ಇಬ್ಬರು ಹೊಸ ನ್ಯಾಯಮೂರ್ತಿಗಳು ಬಂದ ಮೇಲೆ 1871ರಲ್ಲಿ ಆ ತೀರ್ಪು ಮಗುಚಿಬಿತ್ತು. 1884ರಲ್ಲಿ, ಶಾಂತಿಕಾಲದಲ್ಲೂ ಕಾಂಗ್ರೆಸ್ ಕಾಗದವನ್ನು ಕಾನೂನುಬದ್ಧ ಹಣ ಮಾಡಬಹುದೆಂಬ ಮಾತು ಗಟ್ಟಿಯಾಯಿತು. ಚಿನ್ನ ಬೆಳ್ಳಿಯ ಕಟ್ಟು ರಾಜ್ಯಗಳಿಗೆ ಮಾತ್ರ, ಕೇಂದ್ರಕ್ಕಲ್ಲ ಎಂಬ ಇಂದಿನ ಸ್ಥಿತಿ ಅಲ್ಲಿಂದ ಬಂದದ್ದು.

ಮುಂದಿನ ಅರ್ಧ ಶತಮಾನದ ಜಗಳ ರಾಜ್ಯಗಳ ಕಾನೂನಿನದಲ್ಲ, ಕೇಂದ್ರದ ರಾಜಕೀಯದ್ದು. 1873ರ ಟಂಕ ಕಾನೂನು ಬೆಳ್ಳಿ ಡಾಲರನ್ನು ಕೈಬಿಟ್ಟಿತು. ಪಶ್ಚಿಮದ ಗಣಿ ರಾಜ್ಯಗಳೂ ಸಾಲದ ರೈತರೂ ಬೆಳ್ಳಿ ಬೇಕೆಂದು ಕೂಗಿದರು. 1896ರ ಅಧ್ಯಕ್ಷ ಚುನಾವಣೆ ಇದೇ ಪ್ರಶ್ನೆಯ ಮೇಲೆ ನಡೆದು ಬೆಳ್ಳಿಯ ಪರವಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಸೋತರು. 1900ರಲ್ಲಿ ಚಿನ್ನವೊಂದೇ ಮಾನವಾಯಿತು. 1933ರ ಏಪ್ರಿಲ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ತಲೆಗೆ ನೂರು ಡಾಲರಿಗೆ ಮೀರಿದ ಚಿನ್ನದ ನಾಣ್ಯವನ್ನೂ ಗಟ್ಟಿಯನ್ನೂ ಔನ್ಸಿಗೆ 20.67 ಡಾಲರಿನಂತೆ ಬ್ಯಾಂಕಿಗೆ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದರು. ಜೂನ್ 5ರ ನಿರ್ಣಯ ಎಲ್ಲ ಕರಾರುಗಳಲ್ಲಿದ್ದ ಚಿನ್ನದ ಷರತ್ತನ್ನು ರದ್ದು ಮಾಡಿತು. ಮರುವರ್ಷ ಚಿನ್ನದ ಬೆಲೆ 35 ಡಾಲರಾಯಿತು. 1935ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಇದನ್ನು ಉಳಿಸಿತು. ಕ್ಯಾಲಿಫೋರ್ನಿಯಾ 1863ರಲ್ಲಿ ಕಟ್ಟಿದ್ದ ಬಗೆಯ ಕರಾರಿಗೆ ಇನ್ನು ಎಡೆಯಿರಲಿಲ್ಲ.

ಬೆಳ್ಳಿಯ ಸರದಿ ಆಮೇಲೆ. 1965ರಲ್ಲಿ ಹತ್ತು ಮತ್ತು ಇಪ್ಪತ್ತೈದು ಸೆಂಟಿನ ನಾಣ್ಯಗಳಿಂದ ಬೆಳ್ಳಿ ಹೋಯಿತು; 1968ರ ಜೂನ್ 24ರ ನಂತರ ಬೆಳ್ಳಿ ಪ್ರಮಾಣಪತ್ರ ಕೊಟ್ಟು ಬೆಳ್ಳಿ ಪಡೆಯುವುದೂ ನಿಂತಿತು. 1971ರ ಆಗಸ್ಟ್ 15ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ವಿದೇಶಿ ಸರ್ಕಾರಗಳಿಗೂ ಚಿನ್ನ ಕೊಡುವುದನ್ನು ನಿಲ್ಲಿಸಿದರು. ಡಾಲರಿಗೂ ಚಿನ್ನಕ್ಕೂ ಇದ್ದ ನಂಟು ಪೂರ್ತಿ ಕಡಿದ ಮೇಲೆ ಕಟ್ಟುಗಳೂ ಸಡಿಲಾದವು: 1974ರ ಕೊನೆಯ ದಿನದಿಂದ ಜನ ಚಿನ್ನ ಇಟ್ಟುಕೊಳ್ಳಬಹುದಾಯಿತು, 1977ರ ಅಕ್ಟೋಬರಿನಿಂದ ಹೊಸ ಕರಾರುಗಳಲ್ಲಿ ಚಿನ್ನದ ಷರತ್ತು ಮತ್ತೆ ಊರ್ಜಿತವಾಯಿತು. 1985ರ ಕಾನೂನುಗಳಂತೆ ಕೇಂದ್ರದ ಟಂಕಸಾಲೆ ‘ಅಮೆರಿಕನ್ ಈಗಲ್’ ನಾಣ್ಯಗಳನ್ನು ಹೊರಡಿಸಿತು. ಒಂದು ಔನ್ಸ್ ಚಿನ್ನದ ನಾಣ್ಯದ ಮುಖಬೆಲೆ 50 ಡಾಲರ್, ಒಂದು ಔನ್ಸ್ ಬೆಳ್ಳಿಯದಕ್ಕೆ 1 ಡಾಲರ್. ಕೇಂದ್ರದ ಕಾನೂನಿನಲ್ಲಿ ಇವು ಅಂದಿನಿಂದಲೂ ಕಾನೂನುಬದ್ಧ ಹಣವೇ, ಆದರೆ ಮುಖಬೆಲೆಗೆ. ಸಾವಿರಾರು ಡಾಲರಿಗೆ ಮಾರುವ ನಾಣ್ಯವನ್ನು ಐವತ್ತು ಡಾಲರಿನ ಸಾಲಕ್ಕೆ ಯಾರೂ ಕೊಡುವುದಿಲ್ಲ. ಲಾಸ್ ವೇಗಸ್ಸಿನ ಗುತ್ತಿಗೆದಾರನೊಬ್ಬ ಕೆಲಸಗಾರರಿಗೆ ಚಿನ್ನದ ನಾಣ್ಯದಲ್ಲಿ ಸಂಬಳ ಕೊಟ್ಟು ಲೆಕ್ಕವನ್ನು ಮುಖಬೆಲೆಯಲ್ಲಿ ತೋರಿಸಿದ. ಇದು ತೆರಿಗೆ ವಂಚನೆಯೆಂದು 2009ರಲ್ಲಿ ಶಿಕ್ಷೆಗೆ ಗುರಿಯಾದ.

2008ರ ಬ್ಯಾಂಕುಗಳ ಕುಸಿತ ಕಾಗದದ ಡಾಲರಿನ ಬಗ್ಗೆ ಹಳೆಯ ಅನುಮಾನಗಳನ್ನು ಕೆದಕಿತು. ಚಿನ್ನ ಔನ್ಸಿಗೆ 1,400 ಡಾಲರ್ ದಾಟಿದ್ದ 2011ರ ಮಾರ್ಚ್ 25ರಂದು ಯೂಟಾದ ಗವರ್ನರ್ ಗ್ಯಾರಿ ಹರ್ಬರ್ಟ್ ಆ ರಾಜ್ಯದ ಕಾನೂನುಬದ್ಧ ಹಣದ ಮಸೂದೆಗೆ ಸಹಿ ಹಾಕಿದರು. ಕೇಂದ್ರ ಸರ್ಕಾರ ಹೊರಡಿಸಿದ ಚಿನ್ನ ಬೆಳ್ಳಿಯ ನಾಣ್ಯ ರಾಜ್ಯದಲ್ಲಿ ಕಾನೂನುಬದ್ಧ ಹಣ. ಅದನ್ನು ತೆಗೆದುಕೊಳ್ಳಬೇಕೆಂದು ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ. ನಾಣ್ಯವನ್ನು ಡಾಲರಿಗೆ ಬದಲಾಯಿಸಿದಾಗ ಬಂದ ಲಾಭಕ್ಕೆ ರಾಜ್ಯದ ಆದಾಯ ತೆರಿಗೆಯ ಹೊರೆಯಿಲ್ಲ. ಕಾನೂನಿನ ತಿರುಳು ಇಷ್ಟೇ. ಅದೇ ತಿಂಗಳು ಉತ್ತರ ಕ್ಯಾರೊಲೈನದ ಕೇಂದ್ರ ನ್ಯಾಯಾಲಯದಲ್ಲಿ, ‘ಲಿಬರ್ಟಿ ಡಾಲರ್’ ಎಂಬ ಖಾಸಗಿ ಬೆಳ್ಳಿ ನಾಣ್ಯ ಹೊರಡಿಸಿದವನು ತಪ್ಪಿತಸ್ಥನೆಂದು ಜ್ಯೂರಿ ತೀರ್ಮಾನಿಸಿತ್ತು. ಲೋಹದ ಹಣ ಬೇಕೆನ್ನುವವರಿಗೆ ತೆರೆದಿದ್ದ ದಾರಿ ಯಾವುದು, ಮುಚ್ಚಿದ್ದು ಯಾವುದು ಎಂಬುದು ಒಂದೇ ತಿಂಗಳಲ್ಲಿ ಸ್ಪಷ್ಟವಾಯಿತು.

ಯೂಟಾದ ಮಾತಿನಲ್ಲಿ ‘ಕಾನೂನುಬದ್ಧ ಹಣ’ದ ಅರ್ಥವೇ ತಲೆಕೆಳಗಾಗಿದೆ. ಒಲ್ಲೆನೆನ್ನಲು ಬಿಡದಿರುವುದು ಆ ಮಾತಿನ ಸತ್ವವಾಗಿತ್ತು. ಈಗ ಒಲ್ಲೆನೆನ್ನುವ ಹಕ್ಕನ್ನೇ ಕಾನೂನು ಕಾಪಾಡುತ್ತದೆ. ನ್ಯೂಪೋರ್ಟಿನ ಕಟುಕ ಇಂಥ ಕಾನೂನಿನಡಿ ನೆಮ್ಮದಿಯಾಗಿ ಮಾಂಸ ಮಾರಿಕೊಂಡಿರುತ್ತಿದ್ದ. ಉಳಿದದ್ದು ಗೌರವದ ಬಿರುದು ಮತ್ತು ತೆರಿಗೆಯ ವಿನಾಯಿತಿ. ಎರಡರಲ್ಲಿ ತೂಕವಿರುವುದು ಎರಡನೆಯದಕ್ಕೆ.

ಒಕ್ಲಹೋಮ 2014ರಲ್ಲಿ ಹಿಂಬಾಲಿಸಿತು. ಅರಿಜೋನಾದಲ್ಲಿ ಹಾದಿ ಸುಗಮವಾಗಿರಲಿಲ್ಲ: 2013ರಲ್ಲಿ ಗವರ್ನರ್ ಜ್ಯಾನ್ ಬ್ರೂವರ್, 2015ರಲ್ಲಿ ಗವರ್ನರ್ ಡಗ್ ಡ್ಯೂಸಿ ಮಸೂದೆಗಳನ್ನು ಹಿಂತಿರುಗಿಸಿದರು. 2017ರಲ್ಲಿ ಡ್ಯೂಸಿಯವರೇ ಸಹಿ ಹಾಕಿದ ಕಾನೂನು ನಾಣ್ಯದ ಲಾಭವನ್ನು ರಾಜ್ಯದ ಆದಾಯ ತೆರಿಗೆಯಿಂದ ಹೊರಗಿಟ್ಟಿತು. ವಯೋಮಿಂಗಿನ 2018ರ ಕಾನೂನು ಗವರ್ನರರ ಸಹಿಯಿಲ್ಲದೆಯೇ ಜಾರಿಗೆ ಬಂತು. 2023ರಲ್ಲಿ ಅರ್ಕನ್ಸಾ, 2024ರಲ್ಲಿ ಲೂಸಿಯಾನ, 2025ರಲ್ಲಿ ಫ್ಲಾರಿಡಾ ಸಾಲಿಗೆ ಸೇರಿದವು. ವಯೋಮಿಂಗ್, ಫ್ಲಾರಿಡಾಗಳಲ್ಲಿ ವ್ಯಕ್ತಿಗಳ ಮೇಲೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಹೀಗಾಗಿ ಅಲ್ಲಿ ಮಾತು ಮಾರಾಟ ತೆರಿಗೆಯ ಸುತ್ತ ತಿರುಗುತ್ತದೆ. ನಾಣ್ಯ ಹಣವಾದರೆ ಅದನ್ನು ಕೊಳ್ಳುವುದು ಸರಕಿನ ಖರೀದಿಯಲ್ಲ, ಚಿಲ್ಲರೆ ಮಾಡಿಸಿದ ಹಾಗೆ; ಚಿಲ್ಲರೆಗೆ ಯಾರೂ ತೆರಿಗೆ ಹಾಕುವುದಿಲ್ಲವೆಂಬುದು ತರ್ಕ.

ಟೆಕ್ಸಾಸಿನದು ದೊಡ್ಡ ಪ್ರಯೋಗ. ಟೆಕ್ಸಾಸ್ ವಿಶ್ವವಿದ್ಯಾಲಯದ ದತ್ತಿನಿಧಿ 2011ರಲ್ಲಿ ಸುಮಾರು 100 ಕೋಟಿ ಡಾಲರ್ ಬೆಲೆಯ 6,643 ಚಿನ್ನದ ಗಟ್ಟಿಗಳನ್ನು ಕೊಂಡು ನ್ಯೂಯಾರ್ಕಿನ ಬ್ಯಾಂಕೊಂದರ ನೆಲಮಾಳಿಗೆಯಲ್ಲಿ ಇರಿಸಿತ್ತು. ರಾಜ್ಯದ ಚಿನ್ನ ರಾಜ್ಯದಲ್ಲೇ ಇರಲಿ ಎಂಬ ಕೂಗು 2015ರಲ್ಲಿ ರಾಜ್ಯದ್ದೇ ಆದ ಚಿನ್ನದ ಭಂಡಾರದ ಕಾನೂನಾಗಿ ಫಲಿಸಿತು. ಭಂಡಾರ 2018ರಲ್ಲಿ ಬಾಗಿಲು ತೆರೆಯಿತು; ಯಾವ ರಾಜ್ಯದ ಜನರಾದರೂ ಅಲ್ಲಿ ಖಾತೆ ತೆರೆದು ಗಟ್ಟಿ, ನಾಣ್ಯ ಇಡಬಹುದು. 2025ರಲ್ಲಿ ಗವರ್ನರ್ ಗ್ರೆಗ್ ಅಬಟ್ ಸಹಿ ಹಾಕಿದ ಮತ್ತೊಂದು ಕಾನೂನು, ಭಂಡಾರದಲ್ಲಿರುವ ಚಿನ್ನ ಬೆಳ್ಳಿಯನ್ನು ಕಾನೂನುಬದ್ಧ ಹಣವೆಂದು ಸಾರಿ, ಎಲೆಕ್ಟ್ರಾನಿಕ್ ವ್ಯವಸ್ಥೆಯ ಮೂಲಕ ದಿನದ ಕೊಡುಕೊಳ್ಳುವಿಕೆಗೆ ಬಳಸಲು ದಾರಿ ಮಾಡಿತು. ಜಾರಿಯ ದಿನ 2027ರ ಮೇ 1. ಕೊಡುವುದು ಒಂದು ಚಿನ್ನದ ನಾಣ್ಯವಲ್ಲ, ಖಾತೆಯಲ್ಲಿನ ಚಿನ್ನದ ಒಂದು ಚೂರಿನ ಹಕ್ಕು. ಐದು ಡಾಲರಿನ ಕಾಫಿಗೆ ಒಂದು ಔನ್ಸಿನ ನಾಣ್ಯ ಕೊಟ್ಟರೆ ಚಿಲ್ಲರೆ ಎಲ್ಲಿಂದ ತರುವುದೆಂಬ ಹಳೆಯ ತೊಡಕು ಇದರಿಂದ ಬಗೆಹರಿಯುತ್ತದೆ. ಹೊಸ ತೊಡಕು ಬೇರೆ: ಸಂವಿಧಾನ ರಾಜ್ಯಗಳಿಗೆ ಬಿಟ್ಟದ್ದು ನಾಣ್ಯವನ್ನು, ಗಟ್ಟಿಯನ್ನಲ್ಲ, ಗಟ್ಟಿಯ ಮೇಲಿನ ಲೆಕ್ಕದ ನಮೂದನ್ನಂತೂ ಅಲ್ಲ. ತೆಗೆದುಕೊಳ್ಳುವ ಒತ್ತಾಯವಿಲ್ಲದ ಕಾರಣದಿಂದಲೇ ಇದು ಹತ್ತನೆಯ ಪರಿಚ್ಛೇದದ ಬಲೆಯಿಂದ ನುಣುಚಿಕೊಳ್ಳಬಹುದು, ಹಿಂದೆ ಕೆಂಟಕಿಯ ಬ್ಯಾಂಕು ನುಣುಚಿಕೊಂಡ ಹಾಗೆ.

ಈ ಕಾನೂನುಗಳು ದಾಟಲಾಗದ ಗೋಡೆ ಕೇಂದ್ರದ ಆದಾಯ ತೆರಿಗೆ. ಅದರ ಕಣ್ಣಿಗೆ ಚಿನ್ನ ಬೆಳ್ಳಿಯ ನಾಣ್ಯವೂ ಗಟ್ಟಿಯೂ ಹಳೆಯ ಅಂಚೆಚೀಟಿ, ಚಿತ್ರಪಟಗಳಂತೆ ಸಂಗ್ರಹದ ವಸ್ತು; ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಮಾರಿದಾಗ ಬಂದ ಲಾಭದ ಮೇಲೆ ಶೇಕಡ 28ರವರೆಗೆ ತೆರಿಗೆ. ಡಾಲರ್ ನೋಟು ಕೊಟ್ಟು ಕಾಫಿ ಕುಡಿದವನು ಯಾವ ಲೆಕ್ಕವನ್ನೂ ಇಡಬೇಕಿಲ್ಲ. ಚಿನ್ನದ ಖಾತೆಯಿಂದ ಕೊಟ್ಟವನು, ತೆತ್ತ ಆ ಚೂರನ್ನು ತಾನು ಎಂದು ಕೊಂಡೆ, ಎಷ್ಟಕ್ಕೆ ಕೊಂಡೆ, ಇಂದಿನ ದರಕ್ಕೆ ಎಷ್ಟು ಲಾಭವಾಯಿತು ಎಂದು ಬರೆದಿಟ್ಟುಕೊಳ್ಳಬೇಕು. ರಾಜ್ಯದ ಕಾನೂನಿನ ಪ್ರಕಾರ ಹಣ ಕೊಟ್ಟವನು ಕೇಂದ್ರದ ಕಾನೂನಿನ ಪ್ರಕಾರ ಆಸ್ತಿ ಮಾರಿದವನಾಗುತ್ತಾನೆ.